ಏಳನೇ ತಿರುವು

ಸವಳಂಗ ರಸ್ತೆಯ ಟಯರ್ ಅಂಗಡಿ ಮೇಲೆ
ಹನ್ನೊಂದು ಕಂಪ್ಯೂಟರು, ಒಂದು ಕೆಟ್ಟ ಏಸಿ.
ಗೋಡೆಯಲ್ಲಿ ನನ್ನ ಫೋಟೊ, ಮೂರು ವರ್ಷ ಹಳೆಯದು,
ಕೈಯಲ್ಲಿ ತಗಡಿನ ಕಪ್ಪು, ಹಲ್ಲಿಗೆ ಕ್ಲಿಪ್ಪು.

ಎಂಟನೇ ಕ್ಲಾಸಿನ ನುಮಾನ್ ಕೇಳುತ್ತಾನೆ
ಮಂಡಕ್ಕಿ ಮೆಲ್ಲುತ್ತ, ಪರದೆಯಿಂದ ಕಣ್ಣು ಕೀಳದೆ:
ಅಕ್ಕಾ, ಎರಡೂ ಆಟದಲ್ಲಿ ಒಬ್ಬರೇ ಟಾಪ್ ಇರಬಹುದಾ?

ಸುಮ್ಮನಿದ್ದೆ.
ನಿನ್ನೆ ರಾತ್ರಿಯದು ಇನ್ನೂ ಬೆರಳಲ್ಲಿತ್ತು.

ಹಳೆಯ ಆಟದಲ್ಲಿ ಕಟ್ಟಿಗೆ, ಕಾಳು, ಕಲ್ಲು,
ಕೋಟೆ ಏಳುವವರೆಗೂ ಕಾಯುವ ತಾಳ್ಮೆ.
ಒಂಬತ್ತು ವರ್ಷ ಅದರ ಅನ್ನ ಉಂಡೆ,
ಬಾಡಿಗೆ ಕಟ್ಟಿದೆ, ತಮ್ಮನ ಫೀಸು ಕಟ್ಟಿದೆ.
ಈಗ ಅಲ್ಲಿ ಬಹುಮಾನದ ಹಣ ಬತ್ತಿದೆ.
ಹೊಸದರಲ್ಲಿ ಕೋಟೆಯೇ ಇಲ್ಲ.
ಹುಳುಗಳ ಸೈನ್ಯ. ಮೊದಲ ಎರಡು ನಿಮಿಷಕ್ಕೇ
ಅರ್ಧ ಭೂಪಟ ತಿಂದು ಮುಗಿಸಿರಬೇಕು.
ಕಲಿತೆ. ನಾಲ್ಕು ತಿಂಗಳಲ್ಲಿ
ದೇಶದ ಮೊದಲ ಮೂವತ್ತರೊಳಗೆ ಬಂದೆ.
ಎದುರಾಳಿ ಏನು ಬಚ್ಚಿಟ್ಟಿದ್ದಾನೆ,
ಎಲ್ಲಿ ಉಸಿರು ಹಿಡಿದಿದ್ದಾನೆ ಅನ್ನುವ ವಾಸನೆ
ಆ ಆಟದಿಂದ ಈ ಆಟಕ್ಕೆ ನಡೆದೇ ಬರುತ್ತದೆ,
ಟಿಕೆಟ್ಟಿಲ್ಲದೆ.

ಕರೆಯದೆ ಬರುವುದು ಇನ್ನೊಂದಿದೆ.
ನಿನ್ನೆ, ಕೊಚ್ಚಿಯ ಹುಡುಗನ ಎದುರು, ಹದಿಮೂರನೇ ನಿಮಿಷ,
ಗೆದ್ದಾಗಿತ್ತು. ಮುತ್ತು ಎಂದಿತು ತಲೆ.
ಎಡ ಕಿರುಬೆರಳು ಹಳೆಯ ಆಟದ ಗುಂಡಿ ಒತ್ತಿತು.
ಅಲ್ಲಿ ಅದು ಬಾಗಿಲು ಮುಚ್ಚುವುದಕ್ಕೆ.
ಇಲ್ಲಿ ಹಿಂದೆ ಸರಿಯುವುದಕ್ಕೆ.
ನಲವತ್ತು ಹುಳು ಒಟ್ಟಿಗೆ ಬೆನ್ನು ತಿರುಗಿಸಿದವು,
ಪ್ರಾರ್ಥನೆ ಮುಗಿದ ಶಾಲೆಯ ಮಕ್ಕಳ ಹಾಗೆ.

ಅಪ್ಪನಿಗೆ ಹೇಳಿದೆ. ಟಿವಿ ಎದುರು ಅವರೆಕಾಳು ಹಿಸುಕುತ್ತಿದ್ದರು.
ಕೆರಿಯಪ್ಪ, ಡ್ರೈವರು, ಮೂವತ್ತೊಂದು ವರ್ಷ.
ಅದರಲ್ಲಿ ಹತ್ತೊಂಬತ್ತು ಹುಲಿಕಲ್ ಘಾಟಿ, ದೊಡ್ಡ ಬಸ್ಸು.
ಆಮೇಲೆ ಮಾಲೀಕ ಆಗುಂಬೆ ಲೈನು ಹಿಡಿದ, ಮಿನಿ ಬಸ್ಸು.
ಸೋಮವಾರ ಅದು, ಗುರುವಾರ ಇದು,
ಬದಲಿ ಡ್ರೈವರು ಸಿಗುವವರೆಗೆ ಅಂತ. ಸಿಗಲೇ ಇಲ್ಲ.

"ಮರ್ತು ಹೋಗುತ್ತೆ ಅಂತ ನಿಂಗೆ ಭಯ," ಅಂದರು.
"ಕೈ ಮರೆಯಲ್ಲ ಮಾರಾಯ್ತಿ. ಅದೇ ಕಷ್ಟ."

ಒಂದು ಬೆಳಗಿನ ಜಾವ, ಮಂಜು, ಆಗುಂಬೆಯ ಏಳನೇ ತಿರುವು.
ಕೈ ಹುಲಿಕಲ್ಲಿನ ತಿರುವು ತೆಗೆದುಕೊಂಡಿತು,
ಅರ್ಧ ಸೆಕೆಂಡು ಮೊದಲೇ.
ಎಡಗನ್ನಡಿ ಬಂಡೆಗೆ ಸವರಿ ಬಿರುಕು ಬಿಟ್ಟಿತು.
"ಇಪ್ಪತ್ತೆರಡು ಜನ. ಒಬ್ರೂ ಏಳಲಿಲ್ಲ.
ಸೋಮೇಶ್ವರದಲ್ಲಿ ಇಳಿದು ಟೀ ಕುಡಿದ್ರು.
ಏನ್ ನಯ ಮಾರಾಯ್ರೆ ನಿಮ್ಮ ಕೈ, ಅಂದ ಒಬ್ಬ."
ಅವರೆಯೊಂದು ಚಿಮ್ಮಿ ಮಂಚದ ಕೆಳಗೆ ಹೋಯಿತು.
"ನಿದ್ದೆ ಮಾಡೋರಿಗೆ ಸಾಕಾಗೋ ಅಷ್ಟು ಎರಡೂ ಘಾಟಿ ಬರ್ತವೆ.
ನೀ ಆಡೋದು ಎಚ್ಚರ ಇರೋರ ಎದುರು."

ಆಮೇಲೆ ಗುರುವಾರಗಳಲ್ಲಿ
ಗಡಿಯಾರ ಬಲಗೈಗೆ ಕಟ್ಟುತ್ತಿದ್ದರಂತೆ,
ಮೈಗೆ ಗೊತ್ತಾಗಲಿ, ಇವತ್ತು ಬೇರೆ ಬೆಟ್ಟ ಅಂತ.
ಉಪಯೋಗ ಆಯ್ತಾ?
"ಟೈಮ್ ನೋಡೋದು ಕಷ್ಟ ಆಯ್ತು."

ಇವತ್ತು ಹೊಸ ಆಟಕ್ಕೆ ಬೇರೆ ಕೀಬೋರ್ಡು ತಂದೆ,
ಬಿಳಿಯದು, ಗುಂಡಿ ಗಟ್ಟಿ. ಕುರ್ಚಿ ಎರಡಿಂಚು ಇಳಿಸಿದೆ.
ಮೂರು ಗೆದ್ದೆ, ನಾಲ್ಕು ಸೋತೆ.
ಸೋತದ್ದರಲ್ಲಿ ಎರಡು ಕಿರುಬೆರಳಿನವು.
ಉಳಿದೆರಡು ನಾನೇ ಸೋತದ್ದು, ಶುದ್ಧವಾಗಿ,
ಅದೂ ಒಂದು ಸಮಾಧಾನವೇ.

ನುಮಾನ್ ಮತ್ತೆ ಕೇಳಿದ.
ಕೆಳಗೆ ಲಾರಿಯ ಚಕ್ರ ಬಿಚ್ಚುತ್ತಿದ್ದರು.
ನಿಂಗೆ ಎಷ್ಟು ಟಾಪು ಬೇಕು, ಅಂದೆ.
ಅವನಿಗೆ ಕೇಳಿಸಲಿಲ್ಲ. ಗೆಲ್ಲುತ್ತಿದ್ದ.

ಮನೆಗೆ ಬಂದಾಗ ಹನ್ನೆರಡೂವರೆ.
ಅಪ್ಪ ಮಲಗಿದ್ದಾರೆ, ಎರಡೂ ಕೈ ಹೊದಿಕೆಯ ಮೇಲೆ.
ಬಲಗೈ ಮೆಲ್ಲಗೆ ಏರುತ್ತದೆ, ಒಂದಿಷ್ಟು ನಿಲ್ಲುತ್ತದೆ,
ಇಳಿಯುತ್ತದೆ.
ಅಮ್ಮ ಲೈಟು ಆರಿಸುವ ಮುಂಚೆ ನೋಡಿ ಹೇಳುತ್ತಾಳೆ:
ಇವತ್ತು ಹುಲಿಕಲ್.